ಕೊಳದ ಕಲ್ಲು, ಕಡಲಿನ ಮರಳು

ಮಡಿಕೇರಿಯ ಓಂಕಾರೇಶ್ವರ ದೇವಾಲಯವನ್ನು ಕಂಡುಬಂದವರು ಅದರ ಗುಮ್ಮಟವನ್ನೂ ಮೂಲೆಯ ಮಿನಾರುಗಳನ್ನೂ ವರ್ಣಿಸುವಷ್ಟು ಎದುರಿನ ಕೊಳವನ್ನು ವರ್ಣಿಸುವುದಿಲ್ಲ. ನನಗಾದರೋ ಆ ಕೊಳವೇ ಹೆಚ್ಚು ವಿಚಾರಯೋಗ್ಯವೆಂದು ತೋರುತ್ತದೆ. ಬ್ರಾಹ್ಮಣನೊಬ್ಬನನ್ನು ಕೊಲ್ಲಿಸಿದ ಪಾಪದ ಪರಿಹಾರಾರ್ಥವಾಗಿ ಎರಡನೆಯ ಲಿಂಗರಾಜೇಂದ್ರನು ಕಾಶಿಯಿಂದ ಲಿಂಗವನ್ನು ತರಿಸಿ, 1820ರಲ್ಲಿ ಈ ಗುಡಿಯನ್ನು ಕಟ್ಟಿಸಿದನೆಂದು ಐತಿಹ್ಯವುಂಟು. ಕೊಳದ ನಡುವೆ ಒಂದು ಮಂಟಪ, ಅದಕ್ಕೊಂದು ಕಿರುಹಾದಿ. ಅಲ್ಲಿ ನಿಂತವನು ಹಿಡಿಯಷ್ಟು ಪುರಿಯನ್ನು ಚೆಲ್ಲಿದನೆಂದರೆ ಮೀನುಗಳು ಬಾಯ್ದೆರೆದು ಒಂದರ ಮೇಲೊಂದು ಏರಿಬರುತ್ತವೆ.

ಕಟ್ಟಿನೊಳಗಣ ನೀರಿನಲ್ಲಿ ಇಷ್ಟು ಜೀವಗಳು ಉಂಡು, ವಿಸರ್ಜಿಸಿ, ಆ ವಿಷದಿಂದಲೇ ಸಾಯದೆ ಉಳಿಯುವುದು ಹೇಗೆ? ಮೀನು ಹೊರಹಾಕುವ ಅಮೋನಿಯವನ್ನು ಕಲ್ಲಿಗಂಟಿದ ಪಾಚಿಯ ಪೊರೆಯಲ್ಲಿಯೂ ತಳದ ಕೆಸರಿನಲ್ಲಿಯೂ ನೆಲೆಸಿದ ಸೂಕ್ಷ್ಮಾಣುಗಳು ಮೊದಲು ನೈಟ್ರೈಟನ್ನಾಗಿಯೂ ಅನಂತರ ಅಷ್ಟು ಅಪಾಯಕರವಲ್ಲದ ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ರಾಜನ ಶಿಲ್ಪಿಗಳಿಗೆ ಈ ಶಾಸ್ತ್ರ ತಿಳಿದಿರಲಿಲ್ಲ; ರಷ್ಯದ ವಿನೊಗ್ರಾಡ್‌ಸ್ಕಿ ಆ ಜೀವಾಣುಗಳನ್ನು ಬೇರ್ಪಡಿಸಿ ತೋರಿಸಿದ್ದು 1890ರ ಸುಮಾರಿಗೆ. ಆದರೂ ಒರಟು ಕಲ್ಲು, ಕೆಸರು, ಮಳೆಯ ನೀರು, ಕಾಲಾವಕಾಶ ಇವಿಷ್ಟೂ ಒದಗಿದ್ದರಿಂದ ಕೊಳವು ತಾನಾಗಿಯೇ ಹದಗೊಂಡಿತು.

ಕೊಳದಲ್ಲಿ ತಾನಾಗಿ ಒದಗಿದ ಈ ಹದವನ್ನು ಗಾಜಿನೊಳಗೂ ತರಲು ಮುಂದೆ ಕೆಲವರು ಯತ್ನಿಸಿದರು. ಲಂಡನ್ನಿನಲ್ಲಿ 1850ರಲ್ಲಿ ವಾರಿಂಗ್ಟನ್ ಎಂಬವನು ಗಾಜಿನ ಪಾತ್ರೆಯಲ್ಲಿ ಮೀನು, ಬಸವನಹುಳು, ಜಲಸಸ್ಯಗಳನ್ನು ಒಟ್ಟಿಗೆ ಬಾಳಿಸಿದನು. 1854ರಲ್ಲಿ ಗಾಸ್ ಎಂಬ ನಿಸರ್ಗಜ್ಞನ ಗ್ರಂಥವು ಕಡಲಿನ ಅಕ್ವೇರಿಯಂ ಹವ್ಯಾಸವನ್ನು ಮನೆಮನೆಗೆ ಒಯ್ದಿತು. ಅವರು ಶುದ್ಧಿಯ ಕೀರ್ತಿಯನ್ನೆಲ್ಲ ಹಸುರೆಲೆಗೇ ಕೊಟ್ಟು, ಕಲ್ಲುಮರಳನ್ನು ಬರಿಯ ಅಲಂಕಾರವೆಂದು ಬಗೆದದ್ದು ನನ್ನ ಎಣಿಕೆಯಲ್ಲಿ ದೊಡ್ಡ ಕೊರತೆ. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಹವಳದ ದಿಬ್ಬದ ಕಲ್ಲುಗಳನ್ನು ಅವುಗಳ ಜೀವರಾಶಿಯೊಡನೆಯೇ ತೊಟ್ಟಿಯಲ್ಲಿಟ್ಟು, ಗಾಳಿಯ ಗುಳ್ಳೆಗಳನ್ನಷ್ಟೇ ಹಾಯಿಸಿ, ಕಡಲಿನ ಮೀನುಗಳನ್ನು ಸಾಕಿದ ರೀತಿಯನ್ನು ಪ್ರಕಟಿಸಿದ ಬಳಿಕ ಕಲ್ಲಿಗೆ ಅದರ ಮಾನ ದೊರೆಯಿತು. ಆ ಮಾನವೇ ಹವಳಕ್ಕೆ ಮುಳುವಾಯಿತು; ದಿಬ್ಬಗಳನ್ನು ಒಡೆದು ಮಾರುವ ವ್ಯಾಪಾರ ಬೆಳೆಯಿತು. ಭಾರತವು 2001ರಲ್ಲಿ ದಿಬ್ಬಕಟ್ಟುವ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿದುದು ಉಚಿತವಾದ ಕಾರ್ಯ.

ಆದಕಾರಣ ಈಗಿನ ಸಾಕಣೆಗಾರನು ಪುರಾತನ ದಿಬ್ಬಗಳಿಂದ ನೆಲದ ಮೇಲೆ ಅಗೆದ, ಇಲ್ಲವೆ ಕೈಯಿಂದಲೇ ಎರಕಹೊಯ್ದ ಡ್ರೈ ರಾಕ್ ಎಂಬ ಒಣಗಲ್ಲನ್ನು ಆಶ್ರಯಿಸುತ್ತಾನೆ. ಅದು ರಂಧ್ರಮಯ, ಆದರೆ ನಿರ್ಜೀವ. ಅದಕ್ಕೆ ಬೀಜವನ್ನು ಬಿತ್ತುವುದು ತೇವವಾಗಿಯೇ ಬರುವ, ಸೂಕ್ಷ್ಮಾಣುಗಳಿಂದ ಕೂಡಿದ ಲೈವ್ ಸ್ಯಾಂಡ್. ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವ ನೀರನ್ನು, ಮಡಿಕೇರಿಯಂಥ ತಂಪಿನ ಊರಿನಲ್ಲಿ ಹೀಟರಿನಿಂದ 25 ಡಿಗ್ರಿಯಷ್ಟು ಬೆಚ್ಚಗಿರಿಸಿ, ತುಸು ಅಮೋನಿಯವನ್ನು ಉಣಿಸಿ ಕಾಯಬೇಕು. ಅಮೋನಿಯ ಇಳಿಯುತ್ತಿದ್ದಂತೆ ನೈಟ್ರೈಟ್ ಏರುತ್ತದೆ, ಕೆಲವು ವಾರಗಳಲ್ಲಿ ಅದೂ ಇಳಿಯುತ್ತದೆ. ಬೆಳ್ಳನೆಯ ಕಲ್ಲಿನ ಮೇಲೆ ಕಂದುಬಣ್ಣದ ಡಯಾಟಮ್ ಪುಡಿಯಂತೆ ಕವಿದು, ಅದರ ಬೆನ್ನಿಗೆ ಹಸುರು ಪಾಚಿ ಮೂಡುತ್ತದೆ. ಪರೀಕ್ಷಾದ್ರಾವಣದಲ್ಲಿ ಎರಡೂ ವಿಷಗಳು ಸೊನ್ನೆಗೆ ಬಂದವೆಂದು ಖಚಿತವಾದ ಮೇಲೆ, ಗಟ್ಟಿಜೀವದ ಒಂದೆರಡು ಮೀನುಗಳನ್ನು ಬಿಡಬಹುದು.