ಕೆರಿಬಿಯನ್ ಕಡಲಲ್ಲಿ ಏಳು ದಿನ: ಒಂದು ದಂಪತಿಯ ಪ್ರವಾಸ, ಐನೂರು ವರ್ಷಗಳ ಚರಿತ್ರೆ

2013ರ ಮಳೆಗಾಲ. ಏಳನೇ ತರಗತಿಗೆ ಕೊಲಂಬಸನ ಪಾಠ ಮಾಡುತ್ತಿದ್ದೆ. ಭೂಪಟದಲ್ಲಿ ಕೆರಿಬಿಯನ್ ಸಮುದ್ರದ ಮೇಲೆ ಕೋಲು ಇಟ್ಟದ್ದೇ ತಡ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ನನ್ನ ಅಪ್ಪ ಅಲ್ಲೇ ಇರುವುದು" ಎಂದ. ತರಗತಿ ಗೊಳ್ಳೆಂದು ನಕ್ಕಿತು. ಸಮುದ್ರದಲ್ಲಿ ಯಾರಾದರೂ ಇರುತ್ತಾರಾ ಎಂದು ಮಕ್ಕಳ ನಗು! ಆದರೆ ಹುಡುಗ ಹೇಳಿದ್ದು ಸರಿಯೇ. ನಮ್ಮ ಕಾಸರಗೋಡಿನ ಕರಾವಳಿಯಲ್ಲಿ ಹಡಗಿಗೆ ಹೋದವರಿಲ್ಲದ ಊರು ಹುಡುಕಬೇಕಷ್ಟೆ. ಅವನ ಅಪ್ಪ ಕೆರಿಬಿಯನ್ ದ್ವೀಪಗಳ ನಡುವೆ ಸುತ್ತುವ ವಿಹಾರದ ಹಡಗೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು.

ಅದೇ ಸಮಯಕ್ಕೆ ನನಗೆ ನೆನಪಾದದ್ದು ನಮ್ಮ ನಿವೃತ್ತ ಮಾಷ್ಟ್ರು ಮತ್ತು ಅವರ ಪತ್ನಿ ಟೀಚರ್. ಇಬ್ಬರೂ ಕನ್ನಡ ಮಾಧ್ಯಮದಲ್ಲೇ ಕಲಿಸಿ ನಿವೃತ್ತರಾದವರು. ಆ ವರ್ಷದ ಜನವರಿಯಲ್ಲಿ ಅಮೆರಿಕದ ಮಗನ ಮನೆಗೆ ಹೋಗಿದ್ದಾಗ, ಮಗ ಅವರನ್ನು ಏಳು ದಿನಗಳ ಕೆರಿಬಿಯನ್ ಹಡಗು ಪ್ರವಾಸಕ್ಕೆ ಕಳುಹಿಸಿದ್ದ. ಮಕ್ಕಳಿಗೆ ಆ ಅನುಭವ ಹೇಳಬೇಕೆಂದು ಕೇಳಿಕೊಂಡೆ. ಒಂದು ಶುಕ್ರವಾರ ಮಧ್ಯಾಹ್ನ ಇಬ್ಬರೂ ಫೋಟೋಗಳ ಕಟ್ಟು ಹಿಡಿದು ಬಂದರು. ಅವರು ಹೇಳಿದ್ದನ್ನೂ, ಅದರ ಹಿಂದಿನ ಚರಿತ್ರೆಯಾಗಿ ನಾನು ಓದಿ ತಿಳಿದದ್ದನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಹಡಗು ಹೊರಟದ್ದು ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್ ಬಂದರಿನಿಂದ. "ಅದು ಹಡಗಲ್ಲ ಮಕ್ಕಳೇ, ಒಂದು ಪೇಟೆ" ಎಂದರು ಟೀಚರ್. ಹದಿನಾರು ಅಂತಸ್ತು, ಆರು ಸಾವಿರ ಪ್ರಯಾಣಿಕರು, ಎರಡು ಸಾವಿರಕ್ಕೂ ಹೆಚ್ಚು ಕೆಲಸಗಾರರು. ನಡುವೆ ನಿಜವಾದ ಗಿಡಮರಗಳ ಉದ್ಯಾನ, ಒಂದು ಕಡೆ ಮಂಜುಗಡ್ಡೆಯ ಮೇಲೆ ಜಾರುವ ಅಂಗಳ! 1912ರಲ್ಲಿ ಮುಳುಗಿದ ಟೈಟಾನಿಕ್‌ನ ಗಾತ್ರ ಸುಮಾರು 46,000 ಟನ್ ಆದರೆ, 2009ರಲ್ಲಿ ಬಂದ ಈ ಬಗೆಯ ಹಡಗುಗಳ ಗಾತ್ರ 2,25,000 ಟನ್. ನಮ್ಮ ದಂಪತಿಗೆ ಸಿಕ್ಕಿದ್ದು ಕಿಟಕಿಯಿಲ್ಲದ ಒಳಗಿನ ಕೋಣೆ. "ಅಷ್ಟು ದೊಡ್ಡ ಸಮುದ್ರಕ್ಕೆ ಹೋಗಿ ಪೆಟ್ಟಿಗೆಯೊಳಗೆ ಮಲಗಿದ ಹಾಗೆ" ಎಂದು ಮಾಷ್ಟ್ರು ನಕ್ಕರು.

ಹಡಗು ಹತ್ತುವಾಗ ಮಾಷ್ಟ್ರು ಒಂದು ವಿಷಯ ಗಮನಿಸಿದ್ದರು. ಹಡಗಿನ ಹಿಂಭಾಗದಲ್ಲಿ ದೊಡ್ಡ ಅಕ್ಷರಗಳಲ್ಲಿ 'ನಸ್ಸಾವ್' ಎಂದು ಬರೆದಿತ್ತು. ಅದು ಬಹಾಮಾಸ್ ದೇಶದ ರಾಜಧಾನಿ. ಆದರೆ ಏಳು ದಿನಗಳಲ್ಲಿ ಹಡಗು ನಸ್ಸಾವ್‌ಗೆ ಹೋಗಲೇ ಇಲ್ಲ! ಹಾಗಾದರೆ ಆ ಹೆಸರು ಯಾಕೆ? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ವಿಹಾರ ಹಡಗುಗಳ ಕಥೆಯೇ ಬಿಚ್ಚಿಕೊಳ್ಳುತ್ತದೆ.

ಸಮುದ್ರಯಾನ ಒಂದು ಕಾಲಕ್ಕೆ ಮೋಜಿನ ಸಂಗತಿಯಾಗಿರಲಿಲ್ಲ. ಊರು ಸೇರಲು ಬೇರೆ ದಾರಿಯಿಲ್ಲದೆ ಜನ ಹಡಗು ಹತ್ತುತ್ತಿದ್ದರು. ಜರ್ಮನಿಯ ಹ್ಯಾಂಬರ್ಗ್‌ನ ಆಲ್ಬರ್ಟ್ ಬಾಲಿನ್ ಎಂಬ ಹಡಗು ವ್ಯಾಪಾರಿ, ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಿಮೆಯಾಗಿ ಹಡಗುಗಳು ಸುಮ್ಮನೆ ನಿಲ್ಲುವುದನ್ನು ಕಂಡು, 1891ರಲ್ಲಿ ಒಂದು ಹಡಗನ್ನು ಮೆಡಿಟರೇನಿಯನ್ ಸಮುದ್ರ ಸುತ್ತಿ ಬರಲು ಕಳುಹಿಸಿದ. 1900ರಲ್ಲಿ ವಿಹಾರಕ್ಕೆಂದೇ 'ಪ್ರಿನ್ಜೆಸಿನ್ ವಿಕ್ಟೋರಿಯಾ ಲೂಯಿಸ್' ಎಂಬ ಹಡಗು ಕಟ್ಟಿಸಿದ. ಮರುವರ್ಷವೇ ಅದು ಕೆರಿಬಿಯನ್ ದ್ವೀಪಗಳಿಗೆ ಬಂತು. 1906ರ ಡಿಸೆಂಬರಿನಲ್ಲಿ ಜಮೈಕಾದ ಕಿಂಗ್‌ಸ್ಟನ್ ಬಂದರಿನ ಹತ್ತಿರ ದೀಪಸ್ತಂಭದ ಗುರುತು ತಪ್ಪಿ ಬಂಡೆಗೆ ಬಡಿಯಿತು. ಪ್ರಯಾಣಿಕರೆಲ್ಲ ಬದುಕಿದರು. ಕಪ್ತಾನ ಮಾತ್ರ ಅದೇ ರಾತ್ರಿ ತನ್ನ ಪ್ರಾಣ ತಾನೇ ತೆಗೆದುಕೊಂಡ.

ಇನ್ನೊಂದು ದಾರಿ ಬಾಳೆಹಣ್ಣಿನದ್ದು. ಹೌದು, ಬಾಳೆಹಣ್ಣು! 1870ರಲ್ಲಿ ಲೊರೆಂಜೊ ಡೌ ಬೇಕರ್ ಎಂಬ ಅಮೆರಿಕದ ಕಪ್ತಾನ ಜಮೈಕಾದಿಂದ ಬಾಳೆಗೊನೆಗಳನ್ನು ಹಾಯಿಹಡಗಿನಲ್ಲಿ ತುಂಬಿಕೊಂಡು ಹೋಗಿ ಲಾಭಕ್ಕೆ ಮಾರಿದ. 1899ರಲ್ಲಿ ಯುನೈಟೆಡ್ ಫ್ರೂಟ್ ಕಂಪೆನಿ ಹುಟ್ಟಿತು. ಬಿಸಿಲಿನ ಕಾವಿಗೆ ಹಣ್ಣು ಕೆಡಬಾರದೆಂದು ಅದರ ಹಡಗುಗಳಿಗೆ ಬಿಳಿ ಬಣ್ಣ ಬಳಿದರು. ಕೆಳಗೆ ಗೊನೆಗಳು, ಮೇಲೆ ಪ್ರವಾಸಿಗರು. ನೇಂದ್ರಬಾಳೆ ಕಂಡು ಬೆಳೆದ ನಮ್ಮ ಮಕ್ಕಳಿಗೆ ಈ ಸಂಗತಿ ತುಂಬ ಹಿಡಿಸಿತು.

ಇನ್ನು ನಸ್ಸಾವ್‌ನ ಗುಟ್ಟು. 1920ರಿಂದ 1933ರ ತನಕ ಅಮೆರಿಕದಲ್ಲಿ ಪಾನನಿಷೇಧ ಇತ್ತು. ಅಮೆರಿಕದ ಬಾವುಟ ಹಾರಿಸುವ ಹಡಗಿನಲ್ಲೂ ಮದ್ಯ ಮಾರುವಂತಿರಲಿಲ್ಲ. ಆದ್ದರಿಂದ 1922ರಲ್ಲಿ 'ರಿಲಯನ್ಸ್' ಮತ್ತು 'ರೆಸೊಲ್ಯೂಟ್' ಎಂಬ ಎರಡು ಹಡಗುಗಳನ್ನು ಪನಾಮಾ ದೇಶದಲ್ಲಿ ನೋಂದಾಯಿಸಿದರು. ಯಜಮಾನ ಒಂದು ದೇಶದವನು, ಬಾವುಟ ಇನ್ನೊಂದು ದೇಶದ್ದು! ಮದ್ಯಕ್ಕಾಗಿ ಹಿಡಿದ ಉಪಾಯ ಆಮೇಲೆ ತೆರಿಗೆಗೂ, ಕೆಲಸಗಾರರ ಸಂಬಳಕ್ಕೂ ಅನುಕೂಲವಾಯಿತು. ಹಡಗಿನೊಳಗೆ ನಡೆಯುವುದು ಬಾವುಟದ ದೇಶದ ಕಾನೂನು. ಅಮೆರಿಕದಿಂದ ಹೊರಟು ಅಮೆರಿಕಕ್ಕೇ ಮರಳುವ ಹಡಗಿನ ಕೆಲಸಗಾರನಿಗೆ ಅಮೆರಿಕದ ಕನಿಷ್ಠ ಕೂಲಿ ಕೊಡಬೇಕಾಗಿಲ್ಲ. ಪನಾಮಾ, ಲೈಬೀರಿಯಾ, ಬಹಾಮಾಸ್ ಬಾವುಟಗಳ ಅರ್ಥ ಇದು.

1958ರಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನಗಳು ಹಾರತೊಡಗಿದವು. ಐದು ದಿನಗಳ ದಾರಿ ಕೆಲವೇ ಗಂಟೆಗಳದ್ದಾಯಿತು. ದೊಡ್ಡ ಹಡಗುಗಳಿಗೆ ಕೆಲಸ ತಪ್ಪಿತು. 1966ರ ಡಿಸೆಂಬರಿನಲ್ಲಿ ನಾರ್ವೆಯ ಕ್ನುಟ್ ಕ್ಲೋಸ್ಟರ್ ಮತ್ತು ಟೆಡ್ ಅರಿಸನ್ ಸೇರಿ 'ಸನ್‌ವರ್ಡ್' ಎಂಬ ಹಡಗನ್ನು ಮಯಾಮಿಯಿಂದ ಬಹಾಮಾಸ್‌ಗೆ ಓಡಿಸಿದರು. ಮುಂದೆ ಅರಿಸನ್ ಬೇರೆಯಾಗಿ ಕಾರ್ನಿವಲ್ ಕಂಪೆನಿ ಕಟ್ಟಿದ. ಅವನ ಮೊದಲ ಹಡಗು 'ಮಾರ್ಡಿ ಗ್ರಾ' 1972ರಲ್ಲಿ ಮೊದಲ ಪ್ರಯಾಣದಲ್ಲೇ ಮಯಾಮಿಯ ಮುಂದೆ ಮರಳಿನಲ್ಲಿ ಹೂತು ನಿಂತಿತು! 1977ರಲ್ಲಿ ಶುರುವಾದ 'ದ ಲವ್ ಬೋಟ್' ಎಂಬ ಟಿ.ವಿ. ಧಾರಾವಾಹಿ ಹಡಗು ಪ್ರವಾಸವನ್ನು ಮಧ್ಯಮ ವರ್ಗದ ದಂಪತಿಗಳ ಕನಸಾಗಿ ಮಾಡಿತು. 1980ರಲ್ಲಿ 'ಫ್ರಾನ್ಸ್' ಎಂಬ ಭಾರೀ ಹಡಗು 'ನಾರ್ವೆ' ಎಂದು ಹೆಸರು ಬದಲಿಸಿಕೊಂಡು ಮಯಾಮಿಗೆ ಬಂತು. ಅಲ್ಲಿಂದ ಮುಂದೆ ಹಡಗೇ ಊರು, ದ್ವೀಪ ಬರೀ ನಿಲ್ದಾಣ.

ನಮ್ಮ ದಂಪತಿ ಮೊದಲು ಇಳಿದ ನಿಲ್ದಾಣ ಲ್ಯಾಬಡಿ. ನೀಲಿ ನೀರು, ಬಿಳಿ ಮರಳು, ತೆಂಗಿನ ಮರ. ಫೋಟೋ ನೋಡಿ ಮಕ್ಕಳು "ನಮ್ಮ ಬೇಕಲದ ಹಾಗೇ ಉಂಟು" ಎಂದರು. ಸುತ್ತಲೂ ಬೇಲಿ, ಬೇಲಿಯಾಚೆ ಹೋಗಲು ಪ್ರವಾಸಿಗರಿಗೆ ಅಪ್ಪಣೆಯಿಲ್ಲ. ಹಡಗಿನವರು ಕೊಟ್ಟ ಕರಪತ್ರದಲ್ಲಿ ಲ್ಯಾಬಡಿ ಎಂಬ ಹೆಸರು ಎದ್ದು ಕಾಣುತ್ತಿತ್ತು. ಅದು ಯಾವ ದೇಶ ಎಂದು ಮಾಷ್ಟ್ರಿಗೆ ತಿಳಿದದ್ದು ಅಲ್ಲಿ ಮರದ ಗೊಂಬೆ ಮಾರುತ್ತಿದ್ದ ಮುದುಕನನ್ನು ಕೇಳಿದಾಗ. "ಹೈಟಿ" ಎಂದನಂತೆ ಆತ, ಎದೆ ಮುಟ್ಟಿಕೊಂಡು.

ಹೈಟಿ! ಚರಿತ್ರೆಯ ಅಧ್ಯಾಪಕನಿಗೆ ಇದಕ್ಕಿಂತ ದೊಡ್ಡ ಹೆಸರು ಆ ಕಡಲಲ್ಲಿಲ್ಲ. 1492ರ ಕ್ರಿಸ್ಮಸ್ ರಾತ್ರಿ ಕೊಲಂಬಸನ 'ಸಾಂತಾ ಮರಿಯಾ' ಒಡೆದದ್ದು ಇದೇ ಉತ್ತರ ಕರಾವಳಿಯಲ್ಲಿ. ಒಡೆದ ಹಲಗೆಗಳಿಂದ ಕೋಟೆ ಕಟ್ಟಿ 39 ಜನರನ್ನು ಅಲ್ಲಿ ಬಿಟ್ಟು ಹೋದ. ಮುಂದೆ ಅಲ್ಲಿನ ಮೂಲನಿವಾಸಿ ತಾಯ್ನೊ ಜನ ರೋಗಕ್ಕೂ ದುಡಿತಕ್ಕೂ ಬಲಿಯಾದರು. ಅವರ ಜಾಗಕ್ಕೆ ಆಫ್ರಿಕದಿಂದ ಗುಲಾಮರನ್ನು ಹಡಗುಗಳಲ್ಲಿ ತುಂಬಿ ತಂದರು. 1791ರ ಆಗಸ್ಟ್‌ನಲ್ಲಿ, ಲ್ಯಾಬಡಿಗೆ ಹತ್ತಿರದ ಬಯಲಿನಲ್ಲೇ ಆ ಗುಲಾಮರು ದಂಗೆಯೆದ್ದರು. ನೆಪೋಲಿಯನ್ ಕಳುಹಿಸಿದ ಸೈನ್ಯವನ್ನೂ ಸೋಲಿಸಿ 1804ರ ಜನವರಿ 1ರಂದು ಸ್ವತಂತ್ರ ದೇಶ ಕಟ್ಟಿದರು. ಅದಕ್ಕೆ ದಂಡವೂ ತೆತ್ತರು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ಕಳೆದುಕೊಂಡ ತೋಟಗಳಿಗೂ ಗುಲಾಮರಿಗೂ ಪರಿಹಾರವೆಂದು 15 ಕೋಟಿ ಫ್ರಾಂಕ್ ಕೇಳಿತು. ಆಮೇಲೆ ಅದನ್ನು 9 ಕೋಟಿಗೆ ಇಳಿಸಿದರೂ, ಅದಕ್ಕಾಗಿ ಮಾಡಿದ ಸಾಲ ತೀರಿದ್ದು 1947ರಲ್ಲಿ. ಬಿಡುಗಡೆಗೆ ಬಿಡುಗಡೆಯಾದವನೇ ಬೆಲೆ ಕಟ್ಟಬೇಕಾಯಿತು!

2010ರ ಜನವರಿ 12ರ ಭೂಕಂಪದಲ್ಲಿ ಹೈಟಿಯ ರಾಜಧಾನಿ ನೆಲಕಚ್ಚಿತು. ಕೆಲವೇ ದಿನಗಳಲ್ಲಿ ವಿಹಾರ ಹಡಗುಗಳು ಮತ್ತೆ ಲ್ಯಾಬಡಿಗೆ ಬಂದವು. ಪರಿಹಾರ ಸಾಮಗ್ರಿಯನ್ನೂ ತಂದವು, ಪ್ರವಾಸಿಗರನ್ನೂ ತಂದವು. ಸರಿಯೋ ತಪ್ಪೋ ಎಂದು ಲೋಕದಲ್ಲೆಲ್ಲ ಚರ್ಚೆಯಾಯಿತು. "ನೀವು ಏನು ಹೇಳುತ್ತೀರಿ?" ಎಂದು ಮಾಷ್ಟ್ರು ಮಕ್ಕಳನ್ನೇ ಕೇಳಿದರು. ಅರ್ಧ ತರಗತಿ ತಪ್ಪು ಎಂದಿತು. ಒಬ್ಬಳು ಹುಡುಗಿ ಮಾತ್ರ, "ಹಡಗು ಬಾರದಿದ್ದರೆ ಆ ಗೊಂಬೆ ಮಾರುವ ಅಜ್ಜ ಏನು ಮಾಡುವುದು?" ಎಂದಳು. ನನ್ನ ಬಳಿ ಇಂದಿಗೂ ಅವಳಿಗೆ ಪೂರ್ತಿ ಉತ್ತರವಿಲ್ಲ.

ಎರಡನೆಯ ನಿಲ್ದಾಣ ಜಮೈಕಾದ ಫಾಲ್ಮೌತ್. 1769ರಲ್ಲಿ ಹುಟ್ಟಿದ ಪೇಟೆ. ಸುತ್ತಲಿನ ಕಬ್ಬಿನ ತೋಟಗಳ ಸಕ್ಕರೆ ಇಲ್ಲಿಂದಲೇ ಹಡಗು ಹತ್ತುತ್ತಿತ್ತು. ವಿಹಾರ ಹಡಗುಗಳಿಗಾಗಿ ಹೊಸ ಕಟ್ಟೆ ಕಟ್ಟಿದ್ದು 2011ರಲ್ಲಿ. ಟೀಚರಿಗೆ ಅಲ್ಲಿ ಕಂಡದ್ದು ಒಂದು ಹಳೆಯ ಚರ್ಚು. ವಿಲಿಯಂ ನಿಬ್ ಎಂಬ ಪಾದ್ರಿ ಗುಲಾಮರ ಪರವಾಗಿ ದುಡಿದ ಊರದು. 1838ರ ಜುಲೈ 31ರ ರಾತ್ರಿ, ಪೂರ್ಣ ಬಿಡುಗಡೆಯ ಹಿಂದಿನ ಗಳಿಗೆಯಲ್ಲಿ, ಅಲ್ಲಿನ ಜನ ಸಂಕೋಲೆ, ಚಾಟಿಗಳನ್ನು ಶವಪೆಟ್ಟಿಗೆಯಲ್ಲಿಟ್ಟು ಹೂಳಿದರು.

ಗುಲಾಮರು ಬಿಡುಗಡೆಯಾದ ಮೇಲೆ ಕಬ್ಬು ಕಡಿಯುವವರು ಯಾರು? ಇಲ್ಲಿ ನಮ್ಮ ದೇಶ ಬರುತ್ತದೆ. 1845ರ ಮೇ 10ರಂದು 'ಮೇಡ್‌ಸ್ಟನ್' ಎಂಬ ಹಡಗು ಭಾರತದ ಕೂಲಿಯಾಳುಗಳನ್ನು ಜಮೈಕಾದಲ್ಲಿ ಇಳಿಸಿತು. ಅದೇ ತಿಂಗಳ 30ರಂದು 'ಫತೇಲ್ ರಜಾಕ್' ಟ್ರಿನಿಡಾಡ್ ಮುಟ್ಟಿತು. ಕಲ್ಕತ್ತೆಯಿಂದ ಮೂರು ತಿಂಗಳಿಗೂ ಹೆಚ್ಚಿನ ಪ್ರಯಾಣ. ಕರಾರಿಗೆ ಹೆಬ್ಬೆಟ್ಟು ಒತ್ತಿ ಹೋದ ಈ ಬಡವರಲ್ಲಿ ಬಹಳ ಮಂದಿ ಮರಳಿ ಬರಲಿಲ್ಲ. 1917ರಲ್ಲಿ ಈ ಪದ್ಧತಿ ನಿಲ್ಲುವಷ್ಟರಲ್ಲಿ ಜಮೈಕಾ ಒಂದಕ್ಕೇ ಸುಮಾರು 36,000 ಭಾರತೀಯರು ಹೋಗಿದ್ದರು. ಫಾಲ್ಮೌತಿನ ಹೋಟೆಲಿನ ಹಲಗೆಯಲ್ಲಿ 'ಕರಿ' ಮತ್ತು 'ರೋಟಿ' ಎಂದು ಓದಿದಾಗ ಟೀಚರಿಗೆ ಹಸಿವಿಗಿಂತ ಮೊದಲು ಕಣ್ಣೀರು ಬಂತಂತೆ.

ಮೂರನೆಯದು ಮೆಕ್ಸಿಕೊದ ಕೊಜುಮೆಲ್. ಮಾಯಾ ಜನರ ಹೆಂಗಸರು ಇಷ್‌ಚೆಲ್ ದೇವಿಯ ದರ್ಶನಕ್ಕೆ ದೋಣಿಯಲ್ಲಿ ದಾಟಿ ಬರುತ್ತಿದ್ದ ದ್ವೀಪವದು. ಅಲ್ಲಿಗೂ ಒಮ್ಮೆ ಜನ ಹರಕೆ ಹೊತ್ತು ಬರುತ್ತಿದ್ದರು. ದಂಪತಿ ಅಲ್ಲಿ ಮಳೆಗೆ ಸಿಕ್ಕಿ, ಒಂದು ಅಂಗಡಿಯ ಸೂರಿನಡಿ ನಿಂತು ಹಡಗಿಗೆ ಮರಳಿದರು.

ಇನ್ನು ಹಡಗಿನೊಳಗಿನ ಸಂಗತಿ. ಎರಡನೆಯ ರಾತ್ರಿ ಊಟ ಮುಗಿಸಿ ಬಂದರೆ ಹಾಸಿಗೆಯ ಮೇಲೆ ಟವೆಲಿನಲ್ಲಿ ಮಾಡಿದ ಆನೆ. "ಎಂಥ ಮಾರಾಯ್ತಿ, ಸೊಂಡಿಲು ಸಮೇತ ಉಂಟಲ್ಲ!" ಎಂದರು ಮಾಷ್ಟ್ರು. ಬಾಗಿಲ ಹೊರಗಿನಿಂದ ಉತ್ತರ ಬಂತು: "ಅದು ನಾನೇ ಮಾಡಿದ್ದು ಸಾರ್." ಕೋಣೆ ಗುಡಿಸುವ ಹುಡುಗ. ನಮ್ಮದೇ ಕರಾವಳಿಯವನು, ಕನ್ನಡ ಶಾಲೆಯಲ್ಲೇ ಓದಿದವನು! ವಾರದ ಏಳು ದಿನವೂ ಕೆಲಸ, ದಿನಕ್ಕೆ ಹತ್ತು ಗಂಟೆಗೆ ಕಡಿಮೆಯಿಲ್ಲ, ಎಂಟು ತಿಂಗಳ ಕರಾರು. ಲ್ಯಾಬಡಿಗೆ ಇಪ್ಪತ್ತಕ್ಕೂ ಹೆಚ್ಚು ಸಲ ಬಂದಿದ್ದ. ಆ ಮರಳಿನ ಮೇಲೆ ಕಾಲಿಟ್ಟದ್ದು ಎರಡು ಸಲ. ಅವನು ಹಡಗು ಹತ್ತಿದ ಮೇಲೆ ಹುಟ್ಟಿದ ಮಗಳನ್ನು ಇನ್ನೂ ನೋಡಿರಲಿಲ್ಲ. ಆದರೂ ಆ ಕೆಲಸದಿಂದಲೇ ಊರಲ್ಲಿ ಮನೆಯ ಗೋಡೆ ಎದ್ದಿತ್ತು. ಅದನ್ನು ಹೇಳುವಾಗ ಅವನ ಮುಖ ಅರಳಿತ್ತಂತೆ.

ಮಾಷ್ಟ್ರು ಇಷ್ಟು ಹೇಳಿ ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದ. "ಕೆಲಸದವರ ಕೋಣೆಯಿಂದ ಸಮುದ್ರ ಕಾಣುತ್ತದಾ ಸರ್?" ಮಾಷ್ಟ್ರು ಒಂದು ಗಳಿಗೆ ತಡವರಿಸಿದರು. ಮತ್ತೆ ಮಗುವಿಗೆ ಸುಳ್ಳು ಹೇಳಲಾಗದೆ, "ಹೆಚ್ಚಿನವರ ಕೋಣೆ ಕೆಳಗಿನ ಅಂತಸ್ತುಗಳಲ್ಲಿ ಮಗಾ. ಕಾಣುವುದಿಲ್ಲ" ಎಂದರು. ಅಂದು ತರಗತಿಯಲ್ಲಿ ಯಾರೂ ನಗಲಿಲ್ಲ.

2020ರ ಮಾರ್ಚಿನಲ್ಲಿ ಕೊರೊನಾ ಬಂದು ವಿಹಾರ ಹಡಗುಗಳೆಲ್ಲ ನಿಂತಾಗ ನನಗೆ ಆ ಪ್ರಶ್ನೆ ಮತ್ತೆ ನೆನಪಾಯಿತು. ಪ್ರಯಾಣಿಕರನ್ನು ಇಳಿಸಿದ ಹಡಗುಗಳಲ್ಲಿ ಕೆಲಸಗಾರರು ತಿಂಗಳುಗಟ್ಟಲೆ ಸಿಕ್ಕಿಕೊಂಡರು. ಯಾವ ಬಂದರೂ ಅವರನ್ನು ಸುಲಭವಾಗಿ ಇಳಿಸಿಕೊಳ್ಳಲಿಲ್ಲ. ಹಡಗಿಗೆ ಬಾವುಟ ಕೊಟ್ಟ ದೇಶಗಳು ಆಗ ಅವರಿಗೆ ಬಹಳ ದೂರವಾಗಿದ್ದವು.

ಹಡಗುಗಳ ಕೊನೆಯೂ ನಮ್ಮ ದೇಶದಲ್ಲೇ ಎಂಬುದು ಗೊತ್ತೇ? ಮಯಾಮಿಯ ಮರಳಿನಲ್ಲಿ ಹೂತಿದ್ದ 'ಮಾರ್ಡಿ ಗ್ರಾ' 2003ರಲ್ಲಿ ಗುಜರಾತಿನ ಅಲಂಗ್ ಸಮುದ್ರತೀರದಲ್ಲಿ ಗುಜರಿಯಾಯಿತು. ಅದೇ 2003ರಲ್ಲಿ 'ನಾರ್ವೆ' ಹಡಗಿನ ಬಾಯ್ಲರ್ ಮಯಾಮಿಯಲ್ಲಿ ಸಿಡಿದು 8 ಮಂದಿ ಕೆಲಸಗಾರರು ತೀರಿಕೊಂಡರು. ಆ ಹಡಗೂ 2006ರಲ್ಲಿ ಅಲಂಗಿಗೆ ಬಂತು. ಅದರೊಳಗಿನ ಆಸ್ಬೆಸ್ಟಾಸಿನ ವಿಚಾರ ಸುಪ್ರೀಂ ಕೋರ್ಟಿನ ತನಕ ಹೋಯಿತು. 2007ರಲ್ಲಿ ಒಡೆಯಲು ಅನುಮತಿ ಸಿಕ್ಕಿ, ನಮ್ಮ ಕೂಲಿಗಳ ಕೈಯಲ್ಲೇ ತುಂಡಾಯಿತು.

ಆ ವರ್ಷ ಡಿಸೆಂಬರಿನಲ್ಲಿ ಹುಡುಗನ ಅಪ್ಪ ರಜೆಯಲ್ಲಿ ಊರಿಗೆ ಬಂದರು. ಸಂಕೋಚದಿಂದಲೇ ಶಾಲೆಗೂ ಬಂದರು. ಕೈಯಲ್ಲಿ ಅವರ ಸಿ.ಡಿ.ಸಿ. ಪುಸ್ತಕ. ಯಾವ ದಿನ ಯಾವ ಹಡಗು ಹತ್ತಿದರು, ಯಾವ ದಿನ ಇಳಿದರು ಎಂಬುದಕ್ಕೆಲ್ಲ ಅದರಲ್ಲಿ ಮುದ್ರೆ ಇರುತ್ತದೆ. ಮಕ್ಕಳು ಆ ಪುಸ್ತಕ ಇಟ್ಟುಕೊಂಡು, ಹನ್ನೊಂದು ವರ್ಷಗಳ ದುಡಿಮೆಯನ್ನು ಭೂಪಟದ ಮೇಲೆ ಕೆಂಪು ನೂಲಿನಲ್ಲಿ ಎಳೆದರು. "ಬಂದರಿನಲ್ಲಿ ಇಳಿದರೆ ಮೊದಲು ಏನು ನೋಡುತ್ತೀರಿ?" ಎಂದು ಒಬ್ಬಳು ಕೇಳಿದಳು. "ಮನೆಗೆ ಫೋನ್ ಮಾಡಲು ಎಲ್ಲಿ ಕಡಿಮೆಗೆ ಆಗುತ್ತದೆ ಎಂದು ನೋಡುತ್ತೇವೆ" ಎಂದರು ಅವರು.

ಓದುಗ ಅಧ್ಯಾಪಕ ಮಿತ್ರರೇ, ನಿಮ್ಮ ಶಾಲೆಯ ಮಕ್ಕಳ ಮನೆಗಳಲ್ಲೂ ಇಂಥ ಪುಸ್ತಕಗಳು ಇದ್ದಾವು. ಒಮ್ಮೆ ತರಿಸಿ ನೋಡಿ, ತಾರೀಕುಗಳನ್ನು ಬರೆದಿಡಿ. ಕೊಲಂಬಸನ ಹಡಗು ಒಡೆದ ದಿನ ಪಠ್ಯಪುಸ್ತಕದಲ್ಲಿದೆ. ಈ ಅಪ್ಪಂದಿರು ಹಡಗು ಹತ್ತಿದ ದಿನವನ್ನು ನಾವು ಬರೆದಿಡದಿದ್ದರೆ ಬರೆಯುವವರು ಬೇರೆ ಯಾರೂ ಇಲ್ಲ.