ಕೇಪು ಕೂತರೆ ಈಡು

ಕನ್ನಡದಲ್ಲಿ ಕೋವಿಯ ಮಾತು ಬಂದರೆ ಅದು ಹಿಡಿಯುವುದು ಎರಡೇ ದಾರಿ. ಒಂದು ಕೊಡಗಿನ ಕೈಲ್ ಪೊಳ್ದ್ ಹಬ್ಬದ ಕಡೆಗೆ, ಇನ್ನೊಂದು ಶಿಕಾರಿಯ ಕಡೆಗೆ. ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’, ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳು ಓದುಗರ ಮನಸ್ಸಿನಲ್ಲಿ ನಿಲ್ಲಿಸಿದ್ದು ಕಾಡುಪ್ರಾಣಿಗೆ ಎದುರಾಗಿ ನಿಂತ ಕೋವಿಯನ್ನು. ಭಟ್ಕಳ, ಹೊನ್ನಾವರ, ಕುಮಟಾದ ಅಡಿಕೆ ತೋಟಗಳಲ್ಲಿ ಮಂಗ ಓಡಿಸಿ, ಗದ್ದೆಯಂಚಿನಲ್ಲಿ ಹಂದಿ ಬೆದರಿಸಿ ಮತ್ತೆ ಗೋಡೆಯ ಗೂಟಕ್ಕೆ ಮರಳುವ ಕೇಪಿನ ಕೋವಿಗೆ ಈ ಎರಡು ದಾರಿಯಲ್ಲೂ ಜಾಗವಿಲ್ಲ. ಪತ್ರಿಕೆಯಲ್ಲಿ ಅದು ಕಾಣಿಸುವುದು ‘ನಾಡ ಬಂದೂಕು ವಶ’ ಎಂಬ ತಲೆಬರಹದ ಕೆಳಗೆ. ಲೈಸೆನ್ಸ್ ಇದ್ದದ್ದು, ಇಲ್ಲದ್ದು ಎಂಬ ವ್ಯತ್ಯಾಸ ಆ ತಲೆಬರಹ ಓದುವವನಿಗೆ ತಿಳಿಯುವುದಿಲ್ಲ.

ಈಚೆಗೆ ಇನ್ನೊಂದು ತಪ್ಪು ಗ್ರಹಿಕೆ ಸೇರಿಕೊಂಡಿದೆ. ಅಮೆರಿಕದ ಹವ್ಯಾಸಿಗಳು ಮೇಜಿನ ಮೇಲೆ ಉಪಕರಣ ಹರಡಿಕೊಂಡು ತೋಟೆ ತುಂಬುವ ವಿಡಿಯೋ ನೋಡಿದವರಿಗೆ, ಬೆಂಕಿ ಹಚ್ಚುವ ಪ್ರೈಮರನ್ನು ಅದರ ಜಾಗದಲ್ಲಿ ಸರಿಯಾಗಿ ಕೂರಿಸುವ ವಿದ್ಯೆ ಅಲ್ಲಿಯದೇ, ಅದೂ ಹೊಸದು ಎನಿಸುತ್ತದೆ. ಕೇಪಿನ ಕೋವಿ ಹಿಡಿದ ಶರಾವತಿ ಕಣಿವೆಯ ರೈತನಿಗೆ ಸರಿಯಾಗಿ ಕೂರಿಸುವ ಆ ಸಮಸ್ಯೆ ತಲೆಮಾರುಗಳಿಂದ ಗೊತ್ತು.

ಈ ಕರಾವಳಿಯಲ್ಲಿ ಕೋವಿಯ ಚರಿತ್ರೆಯ ಮೊದಲ ಘಟ್ಟಗಳನ್ನು ಬೇಗ ದಾಟಬಹುದು. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಲು ನೆರವಾದ ತಿಮ್ಮೋಜ ಹೊನ್ನಾವರದವನು. 1547ರಲ್ಲಿ ವಿಜಯನಗರವು ಪೋರ್ಚುಗೀಸರ ಜತೆ ಮಾಡಿಕೊಂಡ ಒಪ್ಪಂದದಲ್ಲಿ ಅಂಕೋಲಾ, ಹೊನ್ನಾವರದ ಬಂದರುಗಳ ಪ್ರಸ್ತಾಪವಿದೆ. ಪೆಟ್ಲುಪ್ಪು, ಕಬ್ಬಿಣ ಆದಿಲ್‌ಶಾಹಿ ಸೀಮೆಗೆ ಹೋಗಕೂಡದೆಂಬ ಷರತ್ತೂ ಇದೆ. ಮದ್ದಿನ ಸರಕು ರಾಜಕಾರಣದ ಸರಕಾಗಿದ್ದ ಕಾಲವದು. ಆದರೆ ಅಂದಿನ ಬತ್ತಿ ಕೋವಿಗೂ ಆಮೇಲೆ ಬಂದ ಚಕಮಕಿ ಕಲ್ಲಿನ ಕೋವಿಗೂ ಒಂದೇ ಕೊರತೆ: ಬೆಂಕಿ ತಗಲುವ ಮದ್ದು ಪಕ್ಕದ ಪುಟ್ಟ ಬಟ್ಟಲಲ್ಲಿ ಹೊರಗೇ ಇರಬೇಕು. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಕರಾವಳಿಯಲ್ಲಿ ಅಂಥ ಕೋವಿ ಬೇಸಿಗೆಗೆ ಮಾತ್ರ ಲಾಯಕ್ಕು. ಅಡಿಕೆಗೆ ಕಾವಲು ಬೇಕಾದದ್ದು ಮಳೆಗಾಲದಲ್ಲೂ.

ಈ ಕೊರತೆ ನೀಗಿಸಿದವನು ಸ್ಕಾಟ್ಲೆಂಡಿನ ಬೆಲ್‌ಹೆಲ್ವಿಯ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್. ಚಕಮಕಿಯ ಬೆಳಕು ಕಂಡೊಡನೆ ಹಕ್ಕಿಗಳು ಹಾರಿಹೋಗುತ್ತಿದ್ದುದು ಅವನ ತಲೆನೋವು. ಪೆಟ್ಟು ಬಿದ್ದರೆ ತಾನೇ ಸಿಡಿಯುವ ರಾಸಾಯನಿಕವನ್ನು ಕೋವಿಗೆ ಅಳವಡಿಸಿ 1807ರಲ್ಲಿ ಪೇಟೆಂಟ್ ಪಡೆದ. 1820ರ ದಶಕದ ಹೊತ್ತಿಗೆ ಆ ರಾಸಾಯನಿಕ ತಾಮ್ರದ ಪುಟ್ಟ ಟೊಪ್ಪಿಗೆಯೊಳಗೆ ಸೇರಿತು. ನಮ್ಮವರು ಕೇಪು ಎನ್ನುವುದು ಅದನ್ನೇ. ಹಕ್ಕಿ ಹೊಡೆಯುವ ಪಾದ್ರಿಯ ಉಪಾಯದಿಂದ ನಿಜವಾದ ಲಾಭ ಪಡೆದವರು ಜಡಿಮಳೆಯ ನಾಡುಗಳವರು. ಶಸ್ತ್ರಗಳ ಇತಿಹಾಸ ಬರೆದವರು ಇದಕ್ಕೆ ಕೊಡುವುದು ಅರ್ಧ ವಾಕ್ಯ.

ಮುಂದಿನದು ಕಾನೂನಿನ ಚರಿತ್ರೆ. 1857ರಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ಸಿಡಿದದ್ದನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದಾರೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಆಡಳಿತಕ್ಕೆ ಹೋಯಿತು, 1878ರಲ್ಲಿ ವೈಸರಾಯ್ ಲಿಟ್ಟನ್ ಕಾಲದ ಶಸ್ತ್ರ ಕಾಯ್ದೆ ಬಂತು. ಈ ಲೇಖನಕ್ಕೆ ಮುಖ್ಯವಾದದ್ದು 1962ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ 1959ರ ಕಾಯ್ದೆ. ಅದರ 13ನೇ ಕಲಮು ಪ್ರಾಮಾಣಿಕ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿಯನ್ನು ಹೆಸರಿಸಿಯೇ ಹೇಳುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನಯವಾದ ನಳಿಗೆಯ ಕೋವಿ. ಅಂದರೆ ರೈತನ ಕೈಗೆ ಕೇಪಿನ ಕೋವಿ ಕೊಟ್ಟದ್ದು ಹಳ್ಳಿಯ ಹಿಂದುಳಿದಿರುವಿಕೆಯಲ್ಲ, ಸಂಸತ್ತೇ.

ಹಾಗೆ ಸಿಕ್ಕ ಕೋವಿಯ ದಿನದ ಬಾಳುವೆ ಹೇಗಿರುತ್ತದೆ? ಹಡುವಳ್ಳಿ, ಗೇರುಸೊಪ್ಪ, ಸಂತೆಗುಳಿ ಕಡೆಯ ತೋಟದವರಿಗೆ ಇದನ್ನು ವಿವರಿಸಬೇಕಿಲ್ಲ. ನಳಿಗೆಯ ಬಾಯಿಂದ ಮದ್ದು, ಮೇಲೆ ತೆಂಗಿನ ನಾರಿನ ತುರುಕು, ಆಮೇಲೆ ಚರೆ, ಮತ್ತೆ ನಾರು, ಗಜದಿಂದ ಒತ್ತು. ಇಷ್ಟೂ ಆದಮೇಲೆ ಕೊನೆಗೆ ಕೇಪು. ಕೇಪಿಗೆ ಬಡಿಯುವ ಕುದುರೆಯ ಕೆಳಗೆ, ನಳಿಗೆಯ ಬುಡದಲ್ಲಿ, ಬೆಂಕಿ ಒಳಹೋಗಲು ಸಣ್ಣ ತೂತಿರುವ ಉಕ್ಕಿನ ಮೊಳೆಯೊಂದಿದೆ. ಅದರ ತಲೆಗೆ ಕೇಪನ್ನು ಹೆಬ್ಬೆರಳಲ್ಲಿ ಒತ್ತಿ ಕೂರಿಸಬೇಕು. ಸಡಿಲವಾದರೆ ಬೇಲಿ ದಾಟುವಾಗ ಉದುರಿಹೋಗುತ್ತದೆ. ಬಿಗಿಯಾದರೆ ಅರ್ಧಕ್ಕೇ ನಿಂತು, ಕುದುರೆಯ ಮೊದಲ ಪೆಟ್ಟು ಕೇಪನ್ನು ಕೆಳಗಿಳಿಸುವುದರಲ್ಲೇ ಮುಗಿಯುತ್ತದೆ. ಎರಡನೇ ಪೆಟ್ಟಿಗೆ ಹಾರುತ್ತದೆ, ಅಷ್ಟರಲ್ಲಿ ಮಂಗ ಪಕ್ಕದ ತೋಟದಲ್ಲಿ.

ಈಡು ಹಾರದಿದ್ದಾಗೆಲ್ಲ ಊರಿನ ತೀರ್ಮಾನ ಒಂದೇ: ಮದ್ದು ಥಂಡಿ ಹಿಡಿದಿದೆ. ಎಷ್ಟೋ ಸಲ ಮದ್ದು ನಿರಪರಾಧಿ, ತಪ್ಪು ಮೊಳೆಯದು. ಕೇಪಿಲ್ಲದೆ ಬರಿದೇ ಕುದುರೆ ಹೊಡೆದು ಆಟವಾಡಿದ ಕೋವಿಯಲ್ಲಿ ಮೊಳೆಯ ತುದಿ ಪೆಟ್ಟು ತಿಂದು ಅಗಲವಾಗಿರುತ್ತದೆ. ಕಣ್ಣಿಗೆ ಕಾಣದಷ್ಟೇ ಅಗಲ, ಆದರೆ ಕೇಪು ತಳ ಮುಟ್ಟದಂತೆ ತಡೆಯಲು ಅಷ್ಟು ಸಾಕು. ಜತೆಗೆ ಹಳೆಯ ಬಗೆಯ ಕೇಪುಗಳಲ್ಲಿದ್ದ ಕ್ಲೋರೇಟು ಸಿಡಿದ ಮೇಲೆ ಉಪ್ಪಿನಂಥ ಶೇಷ ಬಿಡುತ್ತದೆ. ಅದು ಗಾಳಿಯ ತೇವ ಹೀರಿ ತೂತಿನೊಳಗೆ ತುಕ್ಕು ಹಿಡಿಸುತ್ತದೆ. ಸಮುದ್ರದ ಗಾಳಿಯೂ ಸೇರಿದರೆ ಕೇಳುವುದೇ ಬೇಡ. ಬಲ್ಲವರು ಈಡು ಹೊಡೆದ ದಿನವೇ ಮೊಳೆ ಬಿಚ್ಚಿ ಬಿಸಿನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಿಡುತ್ತಾರೆ. ಮತ್ತೊಮ್ಮೆ ಕೇಪು ಏರಿಸುವ ಮೊದಲು ಆ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯುತ್ತಾರೆ. ಕೇಪು ಚಿಟಿಲ್ ಎಂದು ಕೋವಿ ಸುಮ್ಮನಿದ್ದರೆ ಬಾಯಿಯನ್ನು ಬಯಲ ಕಡೆಗೇ ಹಿಡಿದು ತಾಳ್ಮೆಯಿಂದ ಕಾಯುವುದನ್ನೂ ಈ ಮಂದಿಯೇ ಕಲಿಸಿದರು. ಒಳಗೆ ಕಿಡಿ ಮೆಲ್ಲಗೆ ಉರಿಯುತ್ತಿರಬಹುದು. ಈ ಜ್ಞಾನದ ಒಂದು ಪುಟವೂ ಸರ್ಕಾರಿ ಕೈಪಿಡಿಯಿಂದ ಬಂದದ್ದಲ್ಲ.

ತೋಟೆ ಕೋವಿ ಬಂದಾಗ ಸಮಸ್ಯೆ ಮಾಯವಾಯಿತೆಂದು ಭಾವಿಸುವವರಿದ್ದಾರೆ. ಅದು ಜಾಗ ಬದಲಿಸಿತು, ಅಷ್ಟೆ. 1866ರಲ್ಲಿ ಇಂಗ್ಲೆಂಡಿನ ಬಾಕ್ಸರ್, ಅಮೆರಿಕದ ಬರ್ಡನ್ ಇಬ್ಬರೂ ಕೇಪನ್ನು ತೋಟೆಯ ಬುಡದೊಳಕ್ಕೆ ಇಳಿಸಿದರು. ಅದೇ ಇಂದಿನ ಪ್ರೈಮರು. ತಮಾಷೆಯೆಂದರೆ ಇಂಗ್ಲೆಂಡಿನವನ ವಿನ್ಯಾಸ ಅಮೆರಿಕದಲ್ಲಿ ನೆಲೆಸಿತು, ಅಮೆರಿಕದವನದು ಯೂರೋಪಿನಲ್ಲಿ. ಪುಣೆಯ ಖಡಕಿಯಲ್ಲಿ 1869ರಿಂದ ಇರುವ ಮದ್ದುಗುಂಡು ಕಾರ್ಖಾನೆಯ ‘ಶಕ್ತಿಮಾನ್’ ತೋಟೆಗಳು ಹನ್ನೆರಡು ಬೋರಿನ ಜೋಡಿನಳಿಗೆ ಇದ್ದವರ ಮನೆಗೆ ಬಂದವು. ಅವುಗಳಲ್ಲಿ ಕೂರಿಸುವ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ.

ಬಾಕ್ಸರ್ ಪ್ರೈಮರಿನ ಖಾಲಿ ತೋಟೆಯನ್ನು ಮತ್ತೆ ತುಂಬುವ ಹವ್ಯಾಸ ಬೆಳೆದ ದೇಶಗಳಲ್ಲಿ ಮಾತ್ರ ಆ ಕೆಲಸ ಮನುಷ್ಯನ ಕೈಯಲ್ಲಿ ಉಳಿಯಿತು. 1880ರ ದಶಕದಲ್ಲಿ ನ್ಯೂ ಹೇವನ್‌ನ ಜಾನ್ ಬಾರ್ಲೋ ಇಕ್ಕಳದಾಕಾರದ ‘ಐಡಿಯಲ್’ ಉಪಕರಣ ಮಾರಿದ. ಮೇಜಿಗೆ ಬಿಗಿಯುವ ಪ್ರೆಸ್‌ಗಳು ಆಮೇಲೆ ಬಂದವು. ಪ್ರೆಸ್‌ನ ಉದ್ದ ಹಿಡಿಕೆಗೆ ಬಲ ಹೆಚ್ಚು, ಸ್ಪರ್ಶ ಕಡಿಮೆ. ಪ್ರೈಮರು ತಳ ಮುಟ್ಟಿತೋ ಇಲ್ಲವೋ ಬೆರಳಿಗೆ ತಿಳಿಯದು. ಆದ್ದರಿಂದಲೇ ಅಂಗೈಯಲ್ಲಿ ಹಿಡಿದು ಹಿಂಡುವ ಲೀ, ಆರ್‌ಸಿಬಿಎಸ್ ಕಂಪನಿಗಳ ಉಪಕರಣಗಳಿಗೆ ಹೆಸರು ಬಂತು. ಕೆಲವಕ್ಕೆ ತೋಟೆಯ ಅಂಚನ್ನು ಹಿಡಿಯಲು ಅಳತೆಗೆ ತಕ್ಕ ಹೋಲ್ಡರ್ ಬೇಕು, ಕೆಲವದರಲ್ಲಿ ಎಲ್ಲ ಅಳತೆಗೂ ಹೊಂದುವ ದವಡೆಯಿದೆ. ಪ್ರೈಮರುಗಳಲ್ಲಿ ಸಾಮಾನ್ಯ ಅಳತೆ ಎರಡು, 0.175 ಮತ್ತು 0.210 ಇಂಚು, ಒತ್ತುಗಡ್ಡಿಯನ್ನೂ ಅದಕ್ಕೆ ಸರಿಯಾಗಿ ಬದಲಿಸಬೇಕು. ತೋಟೆಯ ಬುಡದ ಮಟ್ಟಕ್ಕಿಂತ ಇಂಚಿನ ಸಾವಿರ ಪಾಲಿನಲ್ಲಿ ಮೂರರಿಂದ ಐದು ಪಾಲು ಕೆಳಗೆ ಪ್ರೈಮರು ಕೂತರೆ ಲೇಸೆನ್ನುತ್ತಾರೆ ಬಲ್ಲವರು. ಮೇಲೆ ನಿಂತರೆ ಏನಾಗುತ್ತದೆ? ಹೊಡೆಯುವ ಸೂಜಿಯ ಮೊದಲ ಪೆಟ್ಟು ಅದನ್ನು ಕೆಳಗಿಳಿಸುವುದರಲ್ಲೇ ವ್ಯರ್ಥ. ಗೇರುಸೊಪ್ಪದ ಅಡಿಕೆ ತೋಟದಲ್ಲಿ ಆಗುವುದೂ ಇದೇ.

ಗುರಿಕಾರರಿಗೆಂದು ಆಳವನ್ನು ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ತಿರುಗಿಸಿ ಹೊಂದಿಸುವ ದುಬಾರಿ ಉಪಕರಣಗಳೂ ಬಂದಿವೆ. ಚೊಕ್ಕ ಕೆಲಸ, ನಿಜ. ಆದರೆ ಪ್ರೈಮರು ಕೂರುವ ಗುಳಿಯಲ್ಲಿ ಮಸಿ ಉಳಿದಿದ್ದರೆ ಯಾವ ಸ್ಕ್ರೂ ತಿರುಗಿಸಿಯೂ ಫಲವಿಲ್ಲ. ಭಾರತದಲ್ಲಂತೂ ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸುವುದು ಅದೇ 1959ರ ಕಾಯ್ದೆಯ 5ನೇ ಕಲಮಿಗೆ ವಿರುದ್ಧವಾದ ಅಪರಾಧ. ವಿಡಿಯೋ ನೋಡಿ ಹುಮ್ಮಸ್ಸುಗೊಂಡವರು ಇದನ್ನು ಮೊದಲು ಓದುವುದು ಒಳ್ಳೆಯದು.

ಕರಾವಳಿಯಲ್ಲಿ ಇಂದು ಕೇಪಿನ ಜಾಗಕ್ಕೆ ಬಂದಿರುವುದು ತೋಟೆಯಲ್ಲ, ಪಿವಿಸಿ ಪೈಪು. ಕಾರ್ಬೈಡಿಗೆ ನೀರು ತಗಲಿಸಿ, ಲೈಟರಿನ ಕಿಡಿಯಿಂದ ಸದ್ದು ಮಾಡುವ ಅಗ್ಗದ ಸಾಧನ. ಸಿಡಿಯದಿದ್ದಾಗ ಪೈಪಿನೊಳಗೆ ಇಣುಕಿದವರ ಕಣ್ಣು ಹೋಗಿದೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಮಕ್ಕಳಿಗೆ ಆದ ಗಾಯಗಳು ದೇಶಕ್ಕೆಲ್ಲ ಸುದ್ದಿಯಾದವು. ಕಾಯಬೇಕೆಂಬ ಹಳೆಯ ಪಾಠ ಕೇಪಿನ ಕೋವಿಯ ಜತೆಗೇ ಮರೆಯಾದರೆ ಹೀಗಾಗುತ್ತದೆ. ಏರ್‌ಗನ್ ಹಿಡಿದವರೂ ಇದ್ದಾರೆ. ಅದು 20 ಜೌಲ್ ಶಕ್ತಿ ದಾಟಿದರೆ 2016ರ ಶಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕು.

ಇನ್ನು ಕೊರತೆಗಳು. ಕಾನೂನು ಕೇಪಿನ ಕೋವಿಯನ್ನೇ ಮೊದಲು ಕೊಡು ಎನ್ನುತ್ತದೆ, ಆದರೆ ಅದಕ್ಕೆ ಬೇಕಾದ ಕೇಪು, ಮೊಳೆ, ಲೈಸೆನ್ಸ್ ಇರುವ ರಿಪೇರಿಯವನು ತಾಲೂಕಿನಲ್ಲೇ ಸಿಗುವ ಏರ್ಪಾಡಿನ ಮಾತು ಅದರಲ್ಲಿಲ್ಲ. 1972ರ ವನ್ಯಜೀವಿ ಕಾಯ್ದೆಯ ಅಡಿಯಲ್ಲಿ ಕೋವಿ ಬೆದರಿಸಲಷ್ಟೇ, ಕೊಲ್ಲಲು ಬೇರೆ ಅನುಮತಿ ಬೇಕು. ಹೊನ್ನಾವರದ ಘಟ್ಟದಂಚಿನ ಕಾಡಿನಲ್ಲಿ ಸಿಂಗಳೀಕಗಳಿವೆ. ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾದದ್ದು 2011ರಲ್ಲಿ. ಹಾಗಿರುವಾಗ ಚರೆಯಿಲ್ಲದೆ ಬರೀ ಸದ್ದಿನ ಈಡು ಹೊಡೆಯುವುದನ್ನು ಹೇಳಿಕೊಡುವ ಒಂದು ದಿನದ ತರಬೇತಿಯಾದರೂ ಲೈಸೆನ್ಸಿನ ಜತೆ ಬರಬೇಕಿತ್ತು.

ಚುನಾವಣೆ ಘೋಷಣೆಯಾದೊಡನೆ, ವಿನಾಯಿತಿ ಸಿಕ್ಕವರನ್ನು ಬಿಟ್ಟರೆ, ಕೋವಿ ಠಾಣೆ ಸೇರುತ್ತದೆ. 2024ರಲ್ಲಿ ನೀತಿಸಂಹಿತೆ ಬಂದದ್ದು ಮಾರ್ಚ್ 16ಕ್ಕೆ, ಉತ್ತರ ಕನ್ನಡದ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಎಣ್ಣೆ ಕಾಣದೆ ಅಷ್ಟು ದಿನ ಬಿದ್ದಿದ್ದ ಕೋವಿಯನ್ನು ಬಿಡಿಸಿ ತರುವ ಹೊತ್ತಿಗೆ ಹೊರಗೆ ಮಳೆ ಹಿಡಿದಿರುತ್ತದೆ, ಮೊಳೆಯ ತೂತು ತುಕ್ಕಿನಿಂದ ಮುಚ್ಚಿರುತ್ತದೆ.