ಕ್ಯಾಸಲ್‌ರಾಕ್ ನಿಲ್ದಾಣವೂ ಗೋವೆಯ ಗಡಿಯೂ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನಲ್ಲಿ, ಸಹ್ಯಾದ್ರಿಯ ಅಂಚಿನಲ್ಲಿರುವ ಕ್ಯಾಸಲ್‌ರಾಕ್ ಒಂದು ಸಣ್ಣ ಹಳ್ಳಿ. ಅದನ್ನು ಇತಿಹಾಸಕ್ಕೆ ತಂದುದು ಅಲ್ಲಿಯ ರೈಲು ನಿಲ್ದಾಣ. ನಿಲ್ದಾಣಕ್ಕೆ ಮಹತ್ವ ತಂದುದು ಗಡಿ.

1878ರ ಆಂಗ್ಲೋ-ಪೋರ್ತುಗೀಜ್ ಒಪ್ಪಂದದಂತೆ ಗೋವೆಯ ಉಪ್ಪಿನ ಉತ್ಪಾದನೆ ಬ್ರಿಟಿಷರ ಹತೋಟಿಗೆ ಬಂದಿತು. ಪ್ರತಿಯಾಗಿ ಅವರು ಪೋರ್ತುಗೀಜರಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ ಕೊಡತಕ್ಕದ್ದೆಂದಾಯಿತು. ಮುರ್ಮಗೋವಾ ರೈಲುದಾರಿಯ ಬಂಡವಾಳಕ್ಕೆ ಪೋರ್ತುಗೀಜ್ ಸರಕಾರವಿತ್ತ ಬಡ್ಡಿಯ ಭರವಸೆಗೆ ಈ ಹಣವೇ ಆಧಾರವಾಯಿತು. ಅಂದರೆ, ಗೋವೆಯ ಉಪ್ಪುಗಾರರ ಸ್ವಾತಂತ್ರ್ಯವೇ ಈ ಹಳಿಗಳಿಗೆ ತೆತ್ತ ಬೆಲೆ. 1888ರಲ್ಲಿ ಆ ದಾರಿ ಘಟ್ಟವೇರಿ ಕ್ಯಾಸಲ್‌ರಾಕನ್ನು ಮುಟ್ಟಿತು; ಸದರ್ನ್ ಮರಾಠಾ ರೈಲ್ವೆಯ ಮೂಲಕ ಧಾರವಾಡದ ಬಯಲಿಗೂ ಕಡಲಿಗೂ ಸಂಬಂಧವೇರ್ಪಟ್ಟಿತು.

1892ರಲ್ಲಿ ಒಪ್ಪಂದ ಕೊನೆಗೊಂಡಿತು, ಗಡಿಸುಂಕ ಮರಳಿತು. ಕ್ಯಾಸಲ್‌ರಾಕ್ ಸುಂಕದ ಠಾಣೆಯಾಯಿತು. ಗೋವೆಯ ಪ್ರಯಾಣಿಕರ ಗಂಟುಮೂಟೆಗಳು ಅಲ್ಲಿ ಬಿಚ್ಚತೊಡಗಿದವು. 1955ರ ಆಗಸ್ಟ್ ತಿಂಗಳ ಗೋವಾ ಸತ್ಯಾಗ್ರಹದ ತರುವಾಯ ಭಾರತವು ಗಡಿಯನ್ನು ಮುಚ್ಚಿತು, ರೈಲು ಸಂಚಾರವೂ ನಿಂತಿತು. ಮರುವರ್ಷ ಈ ಹಳ್ಳಿ ಮುಂಬಯಿ ರಾಜ್ಯದಿಂದ ಕನ್ನಡನಾಡಿಗೆ ಸೇರಿದಾಗ ಅದರ ದಾರಿ ಮುಚ್ಚಿಯೇ ಇದ್ದಿತು. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಗೊಂಡಿತು. ಗಡಿಯೇ ಅಳಿಯಲು, ಅದನ್ನು ನಂಬಿ ಬೆಳೆದ ಠಾಣೆಯ ಪ್ರಾಮುಖ್ಯವೂ ಅಳಿಯಿತು.

ಆದರೂ ನಿಲ್ದಾಣ ಉಳಿದಿದೆ. ಮುಂದೆ ಸುಮಾರು 37 ಅಡಿಗೆ 1 ಅಡಿಯಂತೆ ಇಳಿಯುವ ಘಟ್ಟವಿರುವುದರಿಂದ, ಅಲ್ಲಿ ರೈಲುಗಳಿಗೆ ಹೆಚ್ಚಿನ ಎಂಜಿನುಗಳ ನೆರವು ಬೇಕು. ದೊರೆಗಳು ಎಳೆದ ಗೆರೆ ಮಾಸಿತು, ಘಟ್ಟ ಮಾಸಲಿಲ್ಲ.